ಹಳೆಯ ಸೂಪರ್‌ಹೀರೋ ಕಾಮಿಕ್ಸ್: ನಾನು ಕೊಡುವ ಸ್ಥಾನಗಳು

(ಒಂದು ಭಾನುವಾರದ ಕೂಟದಲ್ಲಿ ಮಾತಾಡಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದ್ದರು. ಅಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿಕೊಂಡು ಬರೆದಿದ್ದೇನೆ.)

ಮೊದಲು ಈ ಪುಸ್ತಕ ನೋಡಿ. ಹಿಂದೆ ಕೂತವರಿಗೆ ಕಾಣಿಸದಿದ್ದರೆ ಆಮೇಲೆ ಹತ್ತಿರ ಬಂದು ನೋಡಬಹುದು, ಕೈ ಒಣಗಿರಬೇಕು ಅಷ್ಟೆ. ಇದು ಅಮೆರಿಕದ ಮಾರ್ವೆಲ್ ಕಂಪನಿಯ 'ದಿ ಇನ್‌ಕ್ರೆಡಿಬಲ್ ಹಲ್ಕ್' 181ನೇ ಸಂಚಿಕೆ. 1974ರ ನವೆಂಬರ್‌ನದು. ಹಿಂದಿನ ಸಂಚಿಕೆಯ ಕೊನೇ ಚಿತ್ರದಲ್ಲಿ ವುಲ್ವರಿನ್ ಅನ್ನುವ ನಾಯಕ ಸುಮ್ನೆ ಮುಖ ತೋರಿಸಿ ಹೋಗಿದ್ದ, ಪೂರ್ತಿಯಾಗಿ ಕಥೆಗೆ ಇಳಿದದ್ದು ಇದರಲ್ಲಿ. ಮುಖಪುಟದ ಹಳದಿ ಮಾಸಿಲ್ಲ, ಬೆನ್ನು ನೆಟ್ಟಗಿದೆ, ಪಿನ್ನಿಗೆ ತುಕ್ಕು ಹಿಡಿದಿಲ್ಲ. ಈಗ ಓದುಗರ ಪತ್ರಗಳ ಪುಟ ತೆಗೆಯುತ್ತೇನೆ. ಇಲ್ಲೊಂದು ತೂತಿದೆ, ನೋಡಿ. ಬೆರಳು ತೂರುವಷ್ಟು ದೊಡ್ಡದು. ಕತ್ತರಿಯಿಂದ ಕತ್ತರಿಸಿದ್ದು.

ಆ ಜಾಗದಲ್ಲಿ ಒಂದು ಚಿಕ್ಕ ಚಿತ್ರ ಇತ್ತು. ಶಾನಾ ಅನ್ನುವ ಕಾಡಿನ ನಾಯಕಿಯದು. ಆ ವರ್ಷ ಮಾರ್ವೆಲ್‌ನವರು ತಮ್ಮ ಪುಸ್ತಕಗಳಲ್ಲಿ 'ವ್ಯಾಲ್ಯೂ ಸ್ಟ್ಯಾಂಪ್' ಅಂತ ಮುದ್ರಿಸಿ, ಕತ್ತರಿಸಿ ಆಲ್ಬಂನಲ್ಲಿ ಅಂಟಿಸಿಕೊಳ್ಳಿ ಅಂತ ಮಕ್ಕಳಿಗೆ ಹೇಳಿದ್ದರು. ಮಕ್ಕಳು ಹೇಳಿದಂತೆ ಮಾಡಿದರು. ಹಾಗಾಗಿ ಈ ಸಂಚಿಕೆ ಕೊಳ್ಳುವವರು ಮೊದಲು ನೋಡುವುದು ಮುಖಪುಟವನ್ನಲ್ಲ, ಸ್ಟ್ಯಾಂಪ್ ಇದೆಯಾ ಇಲ್ಲವಾ ಅಂತ. ಇಲ್ಲದಿದ್ದರೆ ಬೆಲೆ ಧೊಪ್ಪೆಂದು ಬೀಳುತ್ತದೆ.

ನಾನು ಇದನ್ನು ಕೊಂಡದ್ದು ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾಗ. ಅಂಗಡಿಯವರು ಪುಸ್ತಕ ಪೂರ್ತಿ ಇದೆ ಅಂದರು. ಪ್ಲಾಸ್ಟಿಕ್ ಚೀಲ ಬಿಚ್ಚಲು ಬಿಡಲಿಲ್ಲ. ನಂಬಿ ತಂದೆ, ರಾತ್ರಿ ಊಟ ಮುಗಿಸಿ ಬಿಚ್ಚಿದಾಗ ಈ ತೂತು ಕಂಡಿತು. ಮರುದಿನ ವಾಪಸ್ ತೆಗೆದುಕೊಂಡು ಹೋದೆ, ಅವರು ಒಪ್ಪಲಿಲ್ಲ. ಎರಡು ವಾರ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಒಂದು ದಿನ ಆ ತೂತಿನ ಅಂಚನ್ನೇ ನೋಡುತ್ತಾ ಕೂತಿದ್ದೆ. ಮೂರು ಬದಿ ನೇರವಾಗಿದೆ, ನಾಲ್ಕನೆಯದರಲ್ಲಿ ಕತ್ತರಿ ಸ್ವಲ್ಪ ಜಾರಿದೆ. ಯಾರೋ ಒಂದು ಮಗು ನಾಲಿಗೆ ಕಚ್ಚಿಕೊಂಡು ಹುಷಾರಾಗಿ ಕತ್ತರಿಸಿದೆ ಅಂತ ಗೊತ್ತಾಗುತ್ತದೆ. ಇದನ್ನು ಮಾರಬೇಕು ಅನ್ನುವ ಯೋಚನೆ ಅವತ್ತಿಗೆ ಹೋಯಿತು.

ಇದನ್ನು ಯಾಕೆ ಮೊದಲು ತೋರಿಸಿದೆ ಅಂದರೆ, ಇವತ್ತು ನಾನು ಹೇಳುವುದೆಲ್ಲ ಈ ತೂತಿನ ಸುತ್ತಲೇ ಇದೆ. ಈ ಪುಸ್ತಕಗಳು ಮುಖ್ಯವಾದದ್ದು ಮಕ್ಕಳು ಹುಚ್ಚೆದ್ದು ಓದಿದ್ದರಿಂದ. ಅವು ದುಬಾರಿಯಾದದ್ದು ಕೂಡ ಅದೇ ಕಾರಣಕ್ಕೆ. ಓದಿ, ಮಡಚಿ, ಕತ್ತರಿಸಿ, ಗೆಳೆಯರಿಗೆ ಕೊಟ್ಟು ಮುಗಿಸಿಬಿಟ್ಟರು. ಉಳಿದದ್ದು ಕೈಬೆರಳೆಣಿಕೆ. ಆದರೆ ಮುಖ್ಯ ಅನ್ನುವುದು ಒಂದು, ದುಬಾರಿ ಅನ್ನುವುದು ಇನ್ನೊಂದು. ಬೆಲೆ ನೋಡಿ ಸ್ಥಾನ ಕೊಡುವವರು ಈ ಎರಡನ್ನೂ ಕಲಸಿಬಿಡುತ್ತಾರೆ.

ನನ್ನ ಅಳತೆಗೋಲು ಒಂದೇ. ಈ ಸಂಚಿಕೆ ಬರದೇ ಹೋಗಿದ್ದರೆ, ಆಮೇಲೆ ಏನೇನು ಬರುತ್ತಲೇ ಇರಲಿಲ್ಲ?

ಹಾಗೆ ಅಳೆದರೆ ಮೊದಲ ಸ್ಥಾನದಲ್ಲಿ ಚರ್ಚೆಗೆ ಜಾಗವೇ ಇಲ್ಲ. 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ, ಸೂಪರ್‌ಮ್ಯಾನ್‌ನ ಮೊದಲ ಕಥೆ ಇರುವುದು. ಮುಖಪುಟದಲ್ಲಿ 1938ರ ಜೂನ್ ಅಂತಿದೆ, ಅಂಗಡಿಗೆ ಬಂದದ್ದು ಏಪ್ರಿಲ್‌ನಲ್ಲೇ. ಬೆಲೆ 10 ಸೆಂಟ್. ಆ ಮುಖಪುಟ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ: ನೀಲಿ ಬಟ್ಟೆ, ಕೆಂಪು ಹೊದಿಕೆಯ ಒಬ್ಬ ಮನುಷ್ಯ ಹಸಿರು ಕಾರನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ನನ್ನ ಕಣ್ಣು ಯಾವಾಗಲೂ ಹೋಗುವುದು ಅವನ ಮೇಲಲ್ಲ. ಕೆಳಗೆ ಎಡಗಡೆ ಮೂಲೆಯಲ್ಲಿ ಒಬ್ಬ ತಲೆ ಹಿಡಿದುಕೊಂಡು, ಕಣ್ಣು ಅರಳಿಸಿಕೊಂಡು, ಚಿತ್ರದಿಂದ ಹೊರಗೇ ಓಡಿ ಬರುವ ಹಾಗೆ ಓಡುತ್ತಿದ್ದಾನೆ ನೋಡಿ, ಅವನ ಮೇಲೆ. ಅಲ್ಲಿಯವರೆಗೆ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಆ ಗಾಬರಿ ಅವನ ಮುಖದಲ್ಲಿದೆ.

ಇದನ್ನು ಮಾಡಿದವರು ಕ್ಲೀವ್‌ಲ್ಯಾಂಡ್‌ನ ಇಬ್ಬರು ಹುಡುಗರು. ಜೆರ್ರಿ ಸೀಗೆಲ್ ಬರೆಯುವವನು, ಜೋ ಶುಸ್ಟರ್ ಚಿತ್ರ ಬಿಡಿಸುವವನು. ದಿನಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರಲಿ ಅಂತ ವರ್ಷಗಟ್ಟಲೆ ಅಲೆದರು, ಎಲ್ಲರೂ ಬೇಡ ಅಂದರು. ಕೊನೆಗೆ ಈ ಹೊಸ ಪತ್ರಿಕೆಗೆ ತುರ್ತಾಗಿ ಸರಕು ಬೇಕಾಯಿತು, ಇವರು ಮಾಡಿಟ್ಟಿದ್ದ ಪಟ್ಟಿ ಚಿತ್ರಗಳನ್ನೇ ಕತ್ತರಿಸಿ, ಪುಟದ ಅಳತೆಗೆ ಜೋಡಿಸಿ ಅಂಟಿಸಿ 13 ಪುಟ ಮಾಡಿಕೊಟ್ಟರು. ಪುಟಕ್ಕೆ 10 ಡಾಲರ್. ಒಟ್ಟು 130 ಡಾಲರ್‌ಗೆ ಕಥೆಯ ಜೊತೆ ಸೂಪರ್‌ಮ್ಯಾನ್‌ನ ಹಕ್ಕೂ ಹೋಯಿತು. ಈ 130 ಡಾಲರ್ ಸೇರಿದ್ದ ಚೆಕ್ ಒಟ್ಟು 412 ಡಾಲರ್‌ನದು. ಅದೇ ಚೆಕ್ ಕಾಗದ 2012ರಲ್ಲಿ ಹರಾಜಿಗೆ ಬಂದಾಗ 1,60,000 ಡಾಲರ್‌ಗೆ ಹೋಯಿತು. ಆ ಇಬ್ಬರಿಗೆ ಮಾತ್ರ, ದೊಡ್ಡ ಹೋರಾಟ ಆದ ಮೇಲೆ, 1975ರಲ್ಲಿ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಅಂತ ಆಯಿತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಈ ಪುಸ್ತಕವನ್ನು ಗೌರವದಿಂದ ಸಂಗ್ರಹಿಸುವವರು ಈ ಇಬ್ಬರ ಹೆಸರು ಬಾಯಿಪಾಠ ಇಟ್ಟುಕೊಂಡಿರಬೇಕು.

ಒಳಗಿನ ಕಥೆ ಓದಿದರೆ ಇನ್ನೊಂದು ಆಶ್ಚರ್ಯ. ಈ ಸೂಪರ್‌ಮ್ಯಾನ್ ಹಾರುವುದಿಲ್ಲ, ನೆಗೆಯುತ್ತಾನೆ. ಒಂದು ಮೈಲಿಯ ಎಂಟನೇ ಒಂದು ಭಾಗ ನೆಗೆಯಬಲ್ಲ ಅಂತ ಮೊದಲ ಪುಟದಲ್ಲೇ ಲೆಕ್ಕ ಕೊಟ್ಟಿದ್ದಾರೆ. ಬೇರೆ ಲೋಕದ ರಾಕ್ಷಸರು ಯಾರೂ ಇಲ್ಲ. ತಪ್ಪಿಲ್ಲದೆ ಮರಣದಂಡನೆಗೆ ಗುರಿಯಾಗಿದ್ದ ಹೆಂಗಸನ್ನು ಉಳಿಸಲು ರಾತ್ರೋರಾತ್ರಿ ಗವರ್ನರ್ ಮನೆ ಬಾಗಿಲು ಮುರಿಯುತ್ತಾನೆ. ಹೆಂಡತಿಗೆ ಹೊಡೆಯುವ ಗಂಡನನ್ನು ಗೋಡೆಗೆ ಎಸೆಯುತ್ತಾನೆ. ಸೆನೆಟರ್‌ಗೆ ಲಂಚ ತಿನ್ನಿಸುವ ದಲ್ಲಾಳಿಯನ್ನು ಎತ್ತಿಕೊಂಡು ಟೆಲಿಫೋನ್ ತಂತಿಗಳ ಮೇಲೆ ಓಡುತ್ತಾನೆ. ಕೆಲಸ ಇಲ್ಲದ, ದುಡ್ಡಿಲ್ಲದ ಕಾಲದಲ್ಲಿ ಬಡವರ ಮನೆ ಹುಡುಗರು ಕಂಡ ಕನಸು ಅದು. ಹಾಗಾಗಿಯೇ ಅದು ಅಷ್ಟು ಬೇಗ ಹಬ್ಬಿತು ಅಂತ ನನ್ನ ನಂಬಿಕೆ.

ಸುಮಾರು 2,00,000 ಪ್ರತಿ ಮುದ್ರಣ ಆಗಿತ್ತು. ಇವತ್ತು ಉಳಿದಿರುವುದು ನೂರರ ಆಸುಪಾಸು ಅಂತ ಅಂದಾಜು. ಅದರಲ್ಲೂ ಒಳ್ಳೇ ಸ್ಥಿತಿಯಲ್ಲಿರುವುದು ತೀರಾ ಕಡಿಮೆ. 2010ರ ಫೆಬ್ರವರಿಯಲ್ಲಿ ಒಂದು ಪ್ರತಿ 10 ಲಕ್ಷ ಡಾಲರ್‌ಗೆ ಹೋದಾಗ ನಾವೆಲ್ಲ ಬಾಯಿ ತೆರೆದುಕೊಂಡು ಕೂತಿದ್ದೆವು. 2014ರಲ್ಲಿ 32 ಲಕ್ಷ, 2024ರಲ್ಲಿ 60 ಲಕ್ಷ. ನಟ ನಿಕೊಲಸ್ ಕೇಜ್ ಅವರದ್ದಾಗಿದ್ದ ಪ್ರತಿಯ ಕಥೆಯಂತೂ ಬೇರೆಯೇ. 1997ರಲ್ಲಿ 1,50,000 ಡಾಲರ್‌ಗೆ ಕೊಂಡಿದ್ದರು, 2000ದಲ್ಲಿ ಮನೆಯಿಂದ ಕಳುವಾಯಿತು, ಹನ್ನೊಂದು ವರ್ಷ ಪತ್ತೆ ಇರಲಿಲ್ಲ, 2011ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಾಡಿಗೆ ಗೋದಾಮಿನಲ್ಲಿ ಸಿಕ್ಕಿತು, ಅದೇ ವರ್ಷ 21.6 ಲಕ್ಷಕ್ಕೆ ಹೋಯಿತು. 2026ರ ಜನವರಿಯಲ್ಲಿ ಅದೇ ಪ್ರತಿ 1.5 ಕೋಟಿ ಡಾಲರ್‌ಗೆ ಕೈ ಬದಲಾಯಿಸಿತು.

ಆದರೆ ನನಗೆ ಇಷ್ಟವಾದದ್ದು ಮಿನ್ನೆಸೋಟಾದ ಪ್ರತಿ. ಒಬ್ಬರು 10,100 ಡಾಲರ್‌ಗೆ ಒಂದು ಹಳೇ ಮನೆ ಕೊಂಡು ಗೋಡೆ ಒಡೆಯುತ್ತಿದ್ದರು. ಚಳಿ ತಡೆಯಲು ಗೋಡೆಯೊಳಗೆ ತುರುಕಿದ್ದ ಹಳೇ ಪೇಪರ್‌ಗಳ ಮಧ್ಯೆ ಆಕ್ಷನ್ ಕಾಮಿಕ್ಸ್ ಒಂದು ಸಿಕ್ಕಿತು. ಮನೆಯಲ್ಲಿ ಎಳೆದಾಟ ಆಗಿ ಹಿಂಬದಿಯ ಪುಟ ಹರಿಯಿತು. ಹರಿದ ಪ್ರತಿಯ ಸ್ಥಿತಿಗೆ ಹತ್ತಕ್ಕೆ 1.5 ಅಂಕ ಸಿಕ್ಕಿತು, 2013ರಲ್ಲಿ 1,75,000 ಡಾಲರ್‌ಗೆ ಮಾರಾಟ ಆಯಿತು. ಆ ಒಂದು ಪುಟ ಹರಿದದ್ದರ ನಷ್ಟವೇ ಸುಮಾರು 75,000 ಡಾಲರ್ ಅಂತ ಅಂದಾಜು ಮಾಡಿದರು. ಮನೆಯ ಬೆಲೆಯ ಏಳು ಪಟ್ಟು!

ಈಗ ಬೆಲೆಯ ಪಟ್ಟಿ ಎಲ್ಲಿ ದಾರಿ ತಪ್ಪಿಸುತ್ತದೆ ಅಂತ ಹೇಳುತ್ತೇನೆ. 2025ರ ನವೆಂಬರ್‌ನಲ್ಲಿ 'ಸೂಪರ್‌ಮ್ಯಾನ್' ಪತ್ರಿಕೆಯ ಮೊದಲ ಸಂಚಿಕೆ, 1939ರದು, 91.2 ಲಕ್ಷ ಡಾಲರ್‌ಗೆ ಹೋಯಿತು. ತೀರಿಹೋದ ತಾಯಿಯ ಮನೆಯ ಅಟ್ಟದಲ್ಲಿ ಮಕ್ಕಳಿಗೆ ಸಿಕ್ಕ ಪ್ರತಿ. ಹತ್ತಕ್ಕೆ 9 ಅಂಕ. ಆವತ್ತಿನ ಮಟ್ಟಿಗೆ ಅಷ್ಟು ದುಡ್ಡಿಗೆ ಯಾವ ಕಾಮಿಕ್ಸೂ ಹೋಗಿರಲಿಲ್ಲ. ಸರಿ, ಆದರೆ ಆ ಪುಸ್ತಕದ ಒಳಗೆ ಇರುವುದು ಏನು? ಹೆಚ್ಚಿನದು ಆಕ್ಷನ್ ಕಾಮಿಕ್ಸ್‌ನ ಮೊದಲ ನಾಲ್ಕು ಸಂಚಿಕೆಗಳ ಕಥೆಗಳೇ, ಕೆಲವು ಹೊಸ ಪುಟ ಸೇರಿಸಿ ಮತ್ತೆ ಅಚ್ಚು ಹಾಕಿದ್ದು. ಒಂದೇ ಪಾತ್ರಕ್ಕೆ ಮೀಸಲಾದ ಸೂಪರ್‌ಹೀರೋ ಪತ್ರಿಕೆ ಅನ್ನುವುದು ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೂ ಅದು ಬರದೇ ಇದ್ದಿದ್ದರೆ ಸೂಪರ್‌ಮ್ಯಾನ್ ನಿಲ್ಲುತ್ತಿರಲಿಲ್ಲ. ಅಲ್ಲಿ ದುಡ್ಡು ಕೊಟ್ಟದ್ದು ಕಾಗದದ ಸ್ಥಿತಿಗೆ. ನನ್ನ ಮೊದಲ ಐದರಲ್ಲಿ ಅದಕ್ಕೆ ಜಾಗ ಇಲ್ಲ.

ಎರಡನೇ ಸ್ಥಾನಕ್ಕೆ ಬಂದಾಗ ಕೂಟದಲ್ಲಿ ಗಲಾಟೆ ಆಯಿತು. ಎಲ್ಲರೂ ಬ್ಯಾಟ್‌ಮ್ಯಾನ್ ಅಂದರು. ನಾನು ಕೊಡುವುದು 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆಗೆ. 1962ರ ಆಗಸ್ಟ್, 12 ಸೆಂಟ್, ಸ್ಪೈಡರ್‌ಮ್ಯಾನ್‌ನ ಮೊದಲ ಕಥೆ, ಬರೀ 11 ಪುಟ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನವಾಗಿ ಕೇಳಿ. ಅಲ್ಲಿಯವರೆಗೆ ಈ ಕಥೆಗಳಲ್ಲಿ ಹದಿಹರೆಯದ ಹುಡುಗ ಅಂದರೆ ನಾಯಕನ ಹಿಂದೆ ಓಡುವ ಸಹಾಯಕ. ನಾಯಕ ದೊಡ್ಡವನು, ಸುಂದರ, ಎಲ್ಲ ಗೊತ್ತಿರುವವನು. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೇರಿ ಆ ಹುಡುಗನನ್ನೇ ನಾಯಕನ ಜಾಗದಲ್ಲಿ ತಂದು ಕೂರಿಸಿದರು. ಪೀಟರ್ ಪಾರ್ಕರ್‌ಗೆ ಕನ್ನಡಕ, ಗೆಳೆಯರಿಲ್ಲ, ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಶಕ್ತಿ ಬಂದಾಗ ಅವನು ಮೊದಲು ಮಾಡುವುದು ಲೋಕ ಉಳಿಸುವ ಕೆಲಸವಲ್ಲ, ಟಿವಿಯಲ್ಲಿ ಕಾಣಿಸಿಕೊಂಡು ದುಡ್ಡು ಮಾಡುವುದು. ಎದುರಿಗೇ ಓಡಿಹೋಗುವ ಕಳ್ಳನನ್ನು ಹಿಡಿಯುವುದಿಲ್ಲ, ನನಗೇನು ಅಂತ ಬಿಡುತ್ತಾನೆ. ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಕೊನೇ ಚಿತ್ರದಲ್ಲಿ ಆ ಹುಡುಗ ಬೆನ್ನು ತೋರಿಸಿ ಕತ್ತಲಲ್ಲಿ ನಡೆದು ಹೋಗುತ್ತಾನೆ. ತಪ್ಪು ಮಾಡಿದ ನಾಯಕ, ಆ ತಪ್ಪನ್ನು ಜೀವನವಿಡೀ ಹೊತ್ತುಕೊಂಡು ಹೋಗುವ ನಾಯಕ. ಇವತ್ತಿನ ಸೂಪರ್‌ಹೀರೋ ಕಥೆಗಳಲ್ಲಿ ಅರ್ಧಕ್ಕರ್ಧ ಈ ಹನ್ನೊಂದು ಪುಟಗಳಿಗೆ ಸಾಲ ತೀರಿಸಬೇಕು.

ಇದು ಬರದೇ ಹೋಗುವ ಸಾಧ್ಯತೆ ನಿಜವಾಗಿಯೂ ಇತ್ತು. ಜನರಿಗೆ ಜೇಡ ಅಂದರೆ ಅಸಹ್ಯ ಅಂತ ಪ್ರಕಾಶಕರು ಹಿಂದೇಟು ಹಾಕಿದರು ಅಂತ ಸ್ಟಾನ್ ಲೀ ಹೇಳುತ್ತಿದ್ದರು. ಹೇಗೂ ನಿಲ್ಲಿಸಲಿದ್ದ ಪತ್ರಿಕೆಯ ಕೊನೇ ಸಂಚಿಕೆಯಲ್ಲಿ ಇದು ಬಂತು. ಮಾರಾಟ ಚೆನ್ನಾಗಿ ಆಯಿತು ಅಂತ ಗೊತ್ತಾದ ಮೇಲೆ 1963ರಲ್ಲಿ ಸ್ಪೈಡರ್‌ಮ್ಯಾನ್‌ಗೆ ತನ್ನದೇ ಪತ್ರಿಕೆ ಸಿಕ್ಕಿತು. 9.6 ಅಂಕದ ಒಂದು ಪ್ರತಿ 2021ರಲ್ಲಿ 36 ಲಕ್ಷ ಡಾಲರ್‌ಗೆ ಹೋಗಿದೆ. ನನ್ನ ಮನಸ್ಸಿಗೆ ಅದಕ್ಕಿಂತ ಹತ್ತಿರವಾದದ್ದು ಬೇರೆ. ಡಿಟ್ಕೊ ಕೈಯಾರೆ ಬಿಡಿಸಿದ ಈ ಸಂಚಿಕೆಯ ಮೂಲ ಚಿತ್ರಗಳನ್ನು, 24 ಹಾಳೆ, 2008ರಲ್ಲಿ ಯಾರೋ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸುಮ್ನೆ ಕೊಟ್ಟುಬಿಟ್ಟರು. ಹೆಸರು ಹೇಳಬೇಡಿ ಅಂದರು. ಕೋಟಿಗಟ್ಟಲೆ ಬರುತ್ತಿದ್ದ ಸ್ವತ್ತು ಅದು. ಸಂಗ್ರಹಕಾರ ಅಂದರೆ ಹೀಗಿರಬೇಕು ಅಂತ ನನಗೆ ಅನಿಸುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಆ ಕಾಲದ ಮಾರ್ವೆಲ್ ಪುಸ್ತಕಗಳ ಬಲ ಅಂಚಿನಲ್ಲಿ ಇಲಿ ಕಡಿದ ಹಾಗೆ ಸಣ್ಣ ಸಣ್ಣ ಚೂರು ಹೋಗಿರುತ್ತದೆ. ಕಾಗದ ಕತ್ತರಿಸುವ ಯಂತ್ರದ ಬ್ಲೇಡು ಮೊಂಡಾಗಿದ್ದರಿಂದ ಆದದ್ದು. ಇದಕ್ಕೆ 'ಮಾರ್ವೆಲ್ ಚಿಪ್ಪಿಂಗ್' ಅಂತಲೇ ಹೆಸರಿದೆ. ಅಂಚು ತೀರಾ ಚೊಕ್ಕಟವಾಗಿದ್ದರೆ ಖುಷಿಪಡುವ ಮೊದಲು ಅಳತೆಪಟ್ಟಿ ಇಟ್ಟು ಅಗಲ ನೋಡಿ. ಯಾರೋ ಆಮೇಲೆ ಕತ್ತರಿಸಿ ನೇರ ಮಾಡಿರಬಹುದು.

ಮೂರನೆಯದು 'ಡಿಟೆಕ್ಟಿವ್ ಕಾಮಿಕ್ಸ್' 27, 1939ರ ಮೇ. ಬ್ಯಾಟ್‌ಮ್ಯಾನ್‌ನ ಮೊದಲ ಕಥೆ, ಆರೇ ಪುಟ. ಅದರಲ್ಲಿ ಅವನ ಕೈಗವಸು ನೇರಳೆ ಬಣ್ಣದ್ದು. ಈ ಪಾತ್ರ ನನಗೂ ಪ್ರಾಣ. ಆದರೂ ಮೂರನೇ ಸ್ಥಾನ ಕೊಟ್ಟೆ. ಆ ಹೊತ್ತಿಗೆ ಅಗ್ಗದ ಕಥೆ ಪತ್ರಿಕೆಗಳಲ್ಲಿ 'ದಿ ಶ್ಯಾಡೋ' ಅಂತ ರಾತ್ರಿ ಹೊತ್ತು ಕಳ್ಳಕಾಕರನ್ನು ಬೇಟೆಯಾಡುವ ನಾಯಕ ಆಗಲೇ ಇದ್ದ, ಬ್ಯಾಟ್‌ಮ್ಯಾನ್‌ನ ಮೊದಲ ಕಥೆಯನ್ನು ಕಟ್ಟಿದ್ದೂ ಆ ಶ್ಯಾಡೋವಿನ ಒಂದು ಕಥೆಯ ಮೇಲೆ. ಬುನಾದಿ ಮೊದಲೇ ಇತ್ತು, ಅದರ ಮೇಲೆ ಅದ್ಭುತವಾದ ಮನೆ ಎದ್ದಿತು. ಆ ಮನೆ ಕಟ್ಟಿದವರಲ್ಲಿ ಬಿಲ್ ಫಿಂಗರ್ ಹೆಸರನ್ನು ಎಪ್ಪತ್ತೈದು ವರ್ಷ ಅಧಿಕೃತವಾಗಿ ಹಾಕಲಿಲ್ಲ. ಬಾಬ್ ಕೇನ್ ಹೆಸರು ಮಾತ್ರ ಇತ್ತು. ಮುಖವಾಡ, ಬಾವಲಿ ರೆಕ್ಕೆಯಂಥ ಹೊದಿಕೆ, ಕತ್ತಲ ಬಣ್ಣ ಎಲ್ಲ ಫಿಂಗರ್ ಸೂಚಿಸಿದ್ದು, ಕಥೆ ಬರೆದದ್ದೂ ಅವರೇ. 1974ರಲ್ಲಿ ತೀರಿಕೊಂಡರು, ಅವರ ಹೆಸರು ಬಿದ್ದದ್ದು 2015ರಲ್ಲಿ. 2010ರಲ್ಲಿ ಆ ಆಕ್ಷನ್ ಕಾಮಿಕ್ಸ್ 10 ಲಕ್ಷ ಮುಟ್ಟಿದ ಮೂರೇ ದಿನಕ್ಕೆ ಡಿಟೆಕ್ಟಿವ್ 27ರ ಪ್ರತಿಯೊಂದು 10,75,500ಕ್ಕೆ ಹೋಗಿತ್ತು.

ನಾಲ್ಕನೆಯದನ್ನು ಹೇಳಿದರೆ ಕೆಲವರಿಗೆ ಆಶ್ಚರ್ಯ ಆಗುತ್ತದೆ. 'ಶೋಕೇಸ್' 4, 1956ರ ಸೆಪ್ಟೆಂಬರ್-ಅಕ್ಟೋಬರ್. ಬೆಲೆಯಲ್ಲಿ ಮೇಲಿನವುಗಳ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದರ ಹಿಂದಿನ ಕಾಲ ಹೇಗಿತ್ತು ಅಂತ ನೋಡಿ. ಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳು ಒಬ್ಬೊಬ್ಬರಾಗಿ ಮಾಯವಾದರು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಅಂತ ದೊಡ್ಡ ಹುಯಿಲು ಎದ್ದಿತು. ಊರೂರಲ್ಲಿ ಕಾಮಿಕ್ಸ್ ರಾಶಿ ಹಾಕಿ ಸುಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಅವರ ಪುಸ್ತಕ ಬಂತು, ಅದೇ ವರ್ಷ ಅಮೆರಿಕದ ಸೆನೆಟ್ ಸಮಿತಿಯೇ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡು ಮುಖಪುಟಕ್ಕೆ ಮುದ್ರೆ ಒತ್ತತೊಡಗಿದರು. ಎಷ್ಟೋ ಕಂಪನಿ ಮುಚ್ಚಿದವು. ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಹಳೇ ಹೆಸರಿಗೆ ಹೊಸ ಬಟ್ಟೆ ತೊಡಿಸಿ 'ಫ್ಲ್ಯಾಶ್' ಅನ್ನು ಮತ್ತೆ ತಂದರು. ಮುಖಪುಟದಲ್ಲಿ ಅವನು ಸಿನಿಮಾ ರೀಲಿನಿಂದ ಹೊರಗೆ ಓಡಿ ಬರುತ್ತಾನೆ. ಒಳಗೆ ಇನ್ನೂ ಚೆಂದದ ಒಂದು ಕಡೆ ಇದೆ: ಬ್ಯಾರಿ ಅಲೆನ್, ಇನ್ನೂ ಶಕ್ತಿ ಬಂದಿಲ್ಲ, ಕೂತು ಹಳೇ ಫ್ಲ್ಯಾಶ್ ಕಾಮಿಕ್ಸ್ ಓದುತ್ತಿದ್ದಾನೆ. ಓದಿ ಓದಿ ಇಷ್ಟಪಟ್ಟವನೇ ಮುಂದೆ ಫ್ಲ್ಯಾಶ್ ಆಗುತ್ತಾನೆ. ನಮ್ಮಂಥವರನ್ನೇ ಕಥೆಯೊಳಗೆ ಕೂರಿಸಿದ ಹಾಗಿದೆ ಅಲ್ವಾ?

ಇದರಿಂದಾಗಿಯೇ ಶೋಕೇಸ್‌ನ ಪ್ರಕಾಶಕರಾದ ಡಿಸಿ ಕಂಪನಿಗೆ ಧೈರ್ಯ ಬಂತು, 1960ರಲ್ಲಿ ಜಸ್ಟಿಸ್ ಲೀಗ್ ಅನ್ನುವ ತಂಡ ಬಂತು. ಅದು ಚೆನ್ನಾಗಿ ಓಡುವುದನ್ನು ನೋಡಿ ಮಾರ್ವೆಲ್‌ನವರು ತಮಗೂ ಒಂದು ತಂಡ ಬೇಕು ಅಂದರು, 1961ರ ನವೆಂಬರ್‌ನಲ್ಲಿ ಲೀ ಮತ್ತು ಜ್ಯಾಕ್ ಕರ್ಬಿ ಮಾಡಿದ 'ಫೆಂಟಾಸ್ಟಿಕ್ ಫೋರ್' ಮೊದಲ ಸಂಚಿಕೆ ಬಂತು. ಅದು ನನ್ನ ಐದನೆಯದು. ಆ ನಾಲ್ವರಿಗೆ ಮೊದಲ ಸಂಚಿಕೆಯಲ್ಲಿ ಒಂದೇ ಥರದ ಬಟ್ಟೆಯೂ ಇಲ್ಲ, ಮನೆಮಂದಿ ಹಾಗೆ ಜಗಳ ಆಡುತ್ತಾರೆ. ಹಾಗಾದರೆ ಅಮೇಜಿಂಗ್ ಫ್ಯಾಂಟಸಿ ಕೂಡ ಶೋಕೇಸ್‌ನಿಂದಲೇ ಬಂದದ್ದಲ್ಲವೇ, ಶೋಕೇಸ್ ಯಾಕೆ ಮೇಲಿಲ್ಲ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಶೋಕೇಸ್ ಮುಚ್ಚಿದ ಬಾಗಿಲು ತೆರೆಯಿತು, ಒಳಗಿದ್ದದ್ದು ಹಳೇ ಸಾಮಾನೇ. ಸ್ಪೈಡರ್‌ಮ್ಯಾನ್‌ನಲ್ಲಿ ಹೊಸದೇ ಏನೋ ಹುಟ್ಟಿತು. ಅವತ್ತು ಕೊಟ್ಟ ಉತ್ತರ ಇದು, ಇವತ್ತೂ ಇದೇ ಹೇಳುತ್ತೇನೆ.

'ಕ್ಯಾಪ್ಟನ್ ಅಮೆರಿಕ' ಮೊದಲ ಸಂಚಿಕೆ ಆರನೆಯದು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ, ಇಬ್ಬರೂ ಯಹೂದಿ ಮನೆತನದವರು. ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಪುಸ್ತಕದ ಮೇಲೆ 1941ರ ಮಾರ್ಚ್ ಅಂತಿದ್ದರೂ ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಅಂದರೆ ಪರ್ಲ್ ಹಾರ್ಬರ್ ದಾಳಿಗೆ ಸುಮಾರು ಒಂದು ವರ್ಷ ಮೊದಲು, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗ. ಬೆದರಿಕೆ ಪತ್ರ ಬಂದವು. ಎದೆಗಾರಿಕೆ ಅಂದರೆ ಇದು. ಕೈಯಲ್ಲಿರುವ ಗುರಾಣಿ ನೋಡಿ, ಗುಂಡಗಿಲ್ಲ. ಬೇರೆ ಕಂಪನಿಯವರ ನಾಯಕನ ಗುರಾಣಿಯ ಹಾಗಿದೆ ಅಂತ ತಕರಾರು ಬಂದದ್ದರಿಂದ ಎರಡನೇ ಸಂಚಿಕೆಯಿಂದ ಗುಂಡಗಾಯಿತು. 2022ರಲ್ಲಿ ಇದರ ಒಂದು ಪ್ರತಿಗೆ 31.2 ಲಕ್ಷ ಡಾಲರ್ ಬಂತು.

ಏಳನೆಯದು 'ಆಲ್ ಸ್ಟಾರ್ ಕಾಮಿಕ್ಸ್' 8, 1941ರ ಕೊನೆಯದು. ವಂಡರ್ ವುಮನ್ ಹುಟ್ಟಿದ್ದು ಇಲ್ಲಿ. ಮುಖಪುಟದಲ್ಲಿ ಅವಳ ಚಿತ್ರವೇ ಇಲ್ಲ! ಬೇರೆ ನಾಯಕರ ತಂಡದ ಪತ್ರಿಕೆ ಅದು, ಅವಳ ಕಥೆಯನ್ನು ಒಳಗೆ ಒಂಬತ್ತು ಪುಟದಲ್ಲಿ ಸೇರಿಸಿದ್ದರು. ಬರೆದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಃಶಾಸ್ತ್ರಜ್ಞರು. ಮುಖಪುಟ ನೋಡಿ ಕೊಳ್ಳುವವರು ಇದನ್ನು ವರ್ಷಗಟ್ಟಲೆ ಕಡೆಗಣಿಸಿದರು, ಅದು ಅನ್ಯಾಯ. ಹೆಣ್ಣೊಬ್ಬಳು ತನ್ನ ಬಲದಿಂದ ಕಥೆಯ ಮಧ್ಯೆ ನಿಂತದ್ದು, ಎಂಬತ್ತು ವರ್ಷ ಆದರೂ ಇನ್ನೂ ನಿಂತಿರುವುದು, ಸಣ್ಣ ಸಂಗತಿಯಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. 'ಮಾರ್ವೆಲ್ ಕಾಮಿಕ್ಸ್' ಮೊದಲ ಸಂಚಿಕೆ, 1939, ಎಂಟನೆಯದು. ಆ ಕಂಪನಿಯ ಬೇರು ಅಲ್ಲಿದೆ. ಅದರಲ್ಲಿ 'ಪೇ ಕಾಪಿ' ಅನ್ನುವ ಒಂದು ಪ್ರತಿ ಇದೆ, ಯಾವ ಕಲಾವಿದನಿಗೆ ಎಷ್ಟು ದುಡ್ಡು ಅಂತ ಕೈಬರಹದಲ್ಲಿ ಗುರುತು ಹಾಕಿಕೊಂಡ ಪ್ರತಿ, 2022ರಲ್ಲಿ 24 ಲಕ್ಷಕ್ಕೆ ಹೋಯಿತು. ಬೇರೆ ಪುಸ್ತಕದ ಮೇಲೆ ಪೆನ್ನಿನ ಗೀಟು ಬಿದ್ದರೆ ಬೆಲೆ ಇಳಿಯುತ್ತದೆ, ಇದರಲ್ಲಿ ಆ ಗೀಟೇ ಚರಿತ್ರೆ. ಒಂಬತ್ತು, 'ಬ್ಯಾಟ್‌ಮ್ಯಾನ್' ಮೊದಲ ಸಂಚಿಕೆ, 1940. ಜೋಕರ್ ಮತ್ತು ಕ್ಯಾಟ್‌ವುಮನ್ ಒಟ್ಟಿಗೇ ಬಂದದ್ದು. ಹತ್ತು, ನಾನು ಮೊದಲು ತೋರಿಸಿದ ಈ ಹಲ್ಕ್ 181. ಹಲ್ಕ್‌ನ ಸ್ವಂತ ಮೊದಲ ಸಂಚಿಕೆ ಬಿಟ್ಟು ಇದನ್ನು ಯಾಕೆ ಹಿಡಿದೆ ಅಂದರೆ, ಸತ್ತುಹೋದಂತಿದ್ದ ಎಕ್ಸ್-ಮೆನ್ ಅನ್ನುವ ಮಾರ್ವೆಲ್ ತಂಡ ಮತ್ತೆ ಎದ್ದು ನಿಲ್ಲುವಾಗ ಅದಕ್ಕೆ ಸಿಕ್ಕ ದೊಡ್ಡ ಬಲ ವುಲ್ವರಿನ್. ಅಂದ ಹಾಗೆ 1962ರ ಆ ಮೊದಲ ಸಂಚಿಕೆಯಲ್ಲಿ ಹಲ್ಕ್ ಹಸಿರಲ್ಲ, ಬೂದಿ ಬಣ್ಣ. ಅಚ್ಚಿನಲ್ಲಿ ಬೂದಿ ಒಂದೊಂದು ಪುಟಕ್ಕೆ ಒಂದೊಂದು ಥರ ಬಂತು, ಹಾಗಾಗಿ ಎರಡನೆಯದರಿಂದ ಹಸಿರು ಮಾಡಿದರು.

ಇಷ್ಟು ಕಡಿಮೆ ಉಳಿಯಲು ಕಾರಣ ಮಕ್ಕಳು ಮಾತ್ರವಲ್ಲ. ಎರಡನೇ ಮಹಾಯುದ್ಧದಲ್ಲಿ ಹಳೇ ಕಾಗದ ಕೊಡಿ ಅಂತ ಊರೂರಲ್ಲಿ ಸಂಗ್ರಹ ಮಾಡಿದರು, ರಾಶಿ ರಾಶಿ ಕಾಮಿಕ್ಸ್ ಹೋದವು. ಜೊತೆಗೆ ಅದು ಅಗ್ಗದ ನ್ಯೂಸ್‌ಪ್ರಿಂಟ್. ಮರದ ತಿರುಳಿನ ಆಮ್ಲ ಒಳಗೇ ಇರುತ್ತದೆ, ಬಿಸಿ, ಬೆಳಕು, ತೇವ ಸಿಕ್ಕರೆ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಇದಕ್ಕೆ ಸಡ್ಡು ಹೊಡೆದದ್ದು ಕೊಲರಾಡೊದ ಎಡ್ಗರ್ ಚರ್ಚ್ ಅವರ ಸಂಗ್ರಹ. ಚಿತ್ರಕಾರರಾಗಿದ್ದ ಅವರು ದಶಕಗಟ್ಟಲೆ ಕಾಮಿಕ್ಸ್ ಕೊಂಡು ಮನೆಯಲ್ಲಿ ಎತ್ತರವಾಗಿ ಪೇರಿಸಿಟ್ಟಿದ್ದರು. 1977ರಲ್ಲಿ ಚಕ್ ರೊಜಾನ್‌ಸ್ಕಿ ಅನ್ನುವ ವ್ಯಾಪಾರಿ ಅದನ್ನು ಕೊಂಡಾಗ 18,000ದಿಂದ 22,000 ಪುಸ್ತಕ ಇದ್ದವು. ಅಲ್ಲಿನ ತಂಪು, ಒಣ ಹವೆಗೆ ಮತ್ತು ಗಾಳಿ ಆಡದ ಹಾಗೆ ಒತ್ತಿ ಪೇರಿಸಿದ್ದಕ್ಕೆ ನಲವತ್ತು ವರ್ಷದ ಕಾಗದ ಹಾಲಿನಂತೆ ಬೆಳ್ಳಗಿತ್ತು. ಇವತ್ತಿಗೂ ಆ ಸಂಗ್ರಹದ 'ಮೈಲ್ ಹೈ' ಪ್ರತಿ ಅಂದರೆ ಸಂಗ್ರಹಕಾರರ ಕಿವಿ ನೆಟ್ಟಗಾಗುತ್ತದೆ.

ಹೊಸ ಕಾಮಿಕ್ಸ್ ಕೊಂಡಿಟ್ಟರೆ ಮುಂದೆ ಇಷ್ಟೇ ಬೆಲೆ ಬರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. 1991ರ 'ಎಕ್ಸ್-ಮೆನ್' ಮೊದಲ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟ ಆಯಿತು. ಒಬ್ಬೊಬ್ಬರು ಐದೈದು ಕೊಂಡು ಬಿಚ್ಚದೆ ಇಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಇವತ್ತು ಕೆಲವೇ ಡಾಲರ್‌ಗೆ ಸಿಗುತ್ತದೆ. ಆ ಭರಾಟೆ ಇಳಿದ ಮೇಲೆ 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ನಮ್ಮ ಕಡೆಯದೂ ಹೇಳಿ ಅಂದರು ಒಬ್ಬರು. ನಮ್ಮಲ್ಲಿ ತುಂಬಾ ಜನರಿಗೆ ಮುಖವಾಡದ ನಾಯಕ ಅಂದರೆ ಮೊದಲು ಫ್ಯಾಂಟಮ್. 1936ರಲ್ಲಿ ಅಮೆರಿಕದ ದಿನಪತ್ರಿಕೆಯಲ್ಲಿ ಶುರುವಾದವನು, ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಹಿರಿಯ. 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಅವನನ್ನು ಇಲ್ಲಿಗೆ ತಂದಿತು, ಆಮೇಲೆ ಕನ್ನಡದಲ್ಲೂ ಬಂತು. ಬಾಲಮಂಗಳದ ಡಿಂಗನನ್ನು ನೋಡಿ ಬೆಳೆದವರು ನಾವು, ಅವನೂ ಹೊದಿಕೆ ಹಾಕಿಕೊಂಡು ಹಾರುವವನೇ. ನಿಮ್ಮ ಊರಿನ ಮನೆಯ ಅಟ್ಟದಲ್ಲಿ ಕನ್ನಡ ಇಂದ್ರಜಾಲ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹರಿದಿದ್ದರೆ ಟೇಪ್ ಅಂಟಿಸಬೇಡಿ, ಅದರ ಗೋಂದು ಕಾಗದವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು. ಮಗ ಅಮೆರಿಕದಲ್ಲಿದ್ದಾನಂತೆ, ಯಾರೋ ಅವನಿಗೆ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯನ್ನು ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂದಿದ್ದಾರಂತೆ. "ಏನು ನೋಡಬೇಕು ಹೇಳಿ" ಅಂದರು. ಮೊದಲು ಗಾತ್ರ ನೋಡಿ ಅಂದೆ. 1974ರಲ್ಲಿ ಅದರ ಮರುಮುದ್ರಣ ಬಂದಿತ್ತು, ದೊಡ್ಡ ಗಾತ್ರದಲ್ಲಿ, ಮೇಲೊಂದು ದಪ್ಪ ಹೊದಿಕೆ ಹಾಕಿ. ಹೊದಿಕೆ ಕಿತ್ತರೆ ಒಳಗಿರುವುದು ಥೇಟ್ ಮೂಲದ ಹಾಗೇ, 10 ಸೆಂಟ್ ಅಂತಲೂ ಇದೆ. ಮೂಲ ಪುಸ್ತಕ ಅದಕ್ಕಿಂತ ತುಂಬಾ ಚಿಕ್ಕದು. ಆಮೇಲೆ ಗ್ರೇಡ್ ಮಾಡಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿದ ಪ್ರತಿಯಾದರೆ ಮೇಲಿನ ಚೀಟಿಯ ಬಣ್ಣ ಕೇಳಿ. ಹೀಗೆ ಸ್ಥಿತಿಗೆ ಅಂಕ ಕೊಡುವ, 2000ದಲ್ಲಿ ಶುರುವಾದ ಸಿಜಿಸಿ ಸಂಸ್ಥೆಯವರದ್ದು ನೀಲಿ ಅಂದರೆ ತಿದ್ದಿಲ್ಲ, ನೇರಳೆ ಅಂದರೆ ಬಣ್ಣ ಹಚ್ಚಿಯೋ ಕಾಗದ ಸೇರಿಸಿಯೋ ರಿಪೇರಿ ಮಾಡಿದ್ದು. ಬಿಡಿ ಪ್ರತಿಯಾದರೆ ಬಿಚ್ಚಿ ತೋರಿಸಲಿ, ಒಂದೊಂದೇ ಪುಟ ಎಣಿಸಲಿ, ಬಿಚ್ಚಲು ಒಪ್ಪದಿದ್ದರೆ ಎದ್ದು ಬರಲಿ.

ಅವರು ಅಲ್ಲೇ ನಿಂತು ಮಗನಿಗೆ ಫೋನ್ ಹಚ್ಚಿದರು. ಅಲ್ಲಿ ಬೆಳಗಿನ ಜಾವ. "ಏಳೋ, ಆ ಪುಸ್ತಕ ಎಷ್ಟು ದೊಡ್ಡದಿದೆ, ಸ್ಕೇಲ್ ಇಟ್ಟು ಅಳತೆ ಮಾಡಿಸು" ಅಂದರು. ನಾನು ಹಲ್ಕ್ ಪುಸ್ತಕವನ್ನು ಮೇಜಿನ ಮೇಲೆ ಪತ್ರಗಳ ಪುಟಕ್ಕೆ ತೆರೆದಿಟ್ಟೆ. ಮಕ್ಕಳು ಮೊದಲು ಬಂದರು.